ಡೊಮ್ ಪೆರಿನ್ಯೋನ್: ಹಣ್ಣಿನ ರುಚಿ ನೋಡಿ ತೀರ್ಪು ಕೊಟ್ಟ ಮಠದ ಉಗ್ರಾಣಿ

ಕಾನಾ ಊರಿನ ಮದುವೆಯ ಪ್ರಸಂಗವನ್ನು ನಾವೆಲ್ಲರೂ ಎಷ್ಟೋ ಸಲ ಕೇಳಿದ್ದೇವೆ. ಆರು ಕಲ್ಲಿನ ಬಾನೆಗಳು, ಕಂಠದವರೆಗೆ ತುಂಬಿಸಿದ ನೀರು, ಮಾತೆ ಮರಿಯಮ್ಮನವರ ಕಳಕಳಿ, ಯೇಸುಸ್ವಾಮಿಯ ಮೊದಲ ಸೂಚಕಕಾರ್ಯ, ಇವೆಲ್ಲ ಪ್ರಬೋಧನೆಗಳಲ್ಲಿ ಬರುತ್ತವೆ. ಆದರೆ ಆ ಮನೆಯಲ್ಲಿದ್ದ ಒಬ್ಬ ವ್ಯಕ್ತಿಯನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಅವನೇ ಔತಣದ ಮೇಲ್ವಿಚಾರಕ. ಆ ದ್ರಾಕ್ಷಾರಸ ಎಲ್ಲಿಂದ ಬಂತೆಂಬುದು ಅವನಿಗೆ ಗೊತ್ತಿರಲಿಲ್ಲ, ನೀರು ತೋಡಿದ ಆಳುಗಳಿಗೆ ಮಾತ್ರ ಗೊತ್ತಿತ್ತು ಎಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ತಿಳಿಸುತ್ತಾರೆ. ಮೂಲ ಯಾವುದೆಂದು ಅರಿಯದೆ, ರುಚಿಯೊಂದನ್ನೇ ನೋಡಿ, ಇದೇ ಉತ್ತಮವೆಂದು ಅವನು ತೀರ್ಪು ಕೊಟ್ಟ. ಶುದ್ಧೀಕರಣಕ್ಕಾಗಿ ಇಟ್ಟಿದ್ದ ಬಾನೆಯಿಂದ ಬಂದದ್ದೆಂದು ಮೊದಲೇ ತಿಳಿದಿದ್ದರೆ ಅವನು ಬಾಯಿಗೆ ಇಡುವ ಮುಂಚೆಯೇ ಮೂಗು ಮುರಿಯುತ್ತಿದ್ದನೋ ಏನೋ!

ಇಂದು ದ್ರಾಕ್ಷಾರಸದ ಗುಣಮಟ್ಟ ನಿರ್ಣಯಿಸುವ ಸ್ಪರ್ಧೆಗಳಲ್ಲಿ ಇದೇ ಕ್ರಮವಿದೆ. ಬಾಟಲಿಯ ಹೆಸರು ಕಾಣದಂತೆ ಮುಚ್ಚಿ, ಬರೀ ನಂಬರ್ ಹಾಕಿ, ತೀರ್ಪುಗಾರರ ಮುಂದಿಡುತ್ತಾರೆ. 1976ರ ಮೇ 24ರಂದು ಪ್ಯಾರಿಸ್ ನಗರದಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಇಂಥದೊಂದು ಪರೀಕ್ಷೆ ಏರ್ಪಡಿಸಿದ್ದರು. ತೀರ್ಪುಗಾರರಾಗಿ ಕುಳಿತವರು ಫ್ರಾನ್ಸಿನ ಹೆಸರಾಂತ ಪರಿಣತರು. ತಮ್ಮ ದೇಶದ್ದೇ ಶ್ರೇಷ್ಠವೆಂದು ನಂಬಿದ್ದವರು. ಆದರೆ ಬಿಳಿ ಮತ್ತು ಕೆಂಪು ಎರಡೂ ವಿಭಾಗಗಳಲ್ಲಿ ಅವರೇ ಕೊಟ್ಟ ಅಂಕಗಳ ಪ್ರಕಾರ ಮೊದಲ ಸ್ಥಾನ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲಾಯಿತು. ಹೆಸರು ಮರೆಯಾದಾಗ ನಾಲಿಗೆ ಸತ್ಯ ನುಡಿಯಿತು.

ಇದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ, ತೋಟದ ಹೆಸರಿಗಿಂತ ಹಣ್ಣಿನ ಗುಣವನ್ನೇ ನೋಡಿ ತೀರ್ಪು ಕೊಡುತ್ತಿದ್ದ ಮಠವಾಸಿಯೊಬ್ಬರು ಫ್ರಾನ್ಸಿನಲ್ಲಿದ್ದರು. ಅವರ ಹೆಸರು ಇಂದು ಲೋಕದ ಅತಿ ದುಬಾರಿ ಶಾಂಪೇನ್ ಬಾಟಲಿಗಳ ಮೇಲಿದೆ. ಅವರ ಬಗ್ಗೆ ಹರಡಿರುವ ಕಥೆಗಳಂತೂ ನೂರಾರು. ಆದರೆ ಕಥೆಗಳಿಗಿಂತ ಅವರ ನಿಜ ಜೀವನವೇ ನಮಗೆ ಹೆಚ್ಚು ಉಪಯುಕ್ತ.

ಬಾಲ್ಯ ಮತ್ತು ದೈವಕರೆ

ಪಿಯೆರ್ ಪೆರಿನ್ಯೋನ್ ಹುಟ್ಟಿದ್ದು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಸೇಂಟ್-ಮೆನೂ ಎಂಬ ಊರಿನಲ್ಲಿ. ಅವರಿಗೆ ಜ್ಞಾನಸ್ನಾನವಾದದ್ದು 1639ರ ಜನವರಿ ತಿಂಗಳ ಆರಂಭದಲ್ಲಿ. ಫ್ರಾನ್ಸಿನ ದೊರೆ 14ನೇ ಲೂಯಿ ಹುಟ್ಟಿದ್ದು 1638ರ ಸೆಪ್ಟೆಂಬರಿನಲ್ಲಿ, ತೀರಿಕೊಂಡದ್ದು 1715ರ ಸೆಪ್ಟೆಂಬರಿನಲ್ಲಿ. ಪೆರಿನ್ಯೋನ್ ಅವರೂ ಅದೇ ತಿಂಗಳಲ್ಲಿ ಕಣ್ಣು ಮುಚ್ಚಿದರು. ಹೀಗೆ ಅರಮನೆಯ ಅರಸ ಮತ್ತು ಮಠದ ಉಗ್ರಾಣಿ ಹೆಚ್ಚುಕಡಿಮೆ ಒಂದೇ ಆಯುಷ್ಯವನ್ನು ಕಳೆದರು.

ತಂದೆ ನ್ಯಾಯಾಲಯದ ಗುಮಾಸ್ತರು. ಮನೆತನಕ್ಕೆ ದ್ರಾಕ್ಷಿ ತೋಟಗಳೂ ಇದ್ದವು. ಬಾಲಕ ಪಿಯೆರ್ ಶಾಲೋನ್ ಪಟ್ಟಣದಲ್ಲಿ ಯೇಸುಸಭೆಯ ಗುರುಗಳ ಕಾಲೇಜಿನಲ್ಲಿ ಓದಿದರು. ಹರೆಯದಲ್ಲಿಯೇ ಸಂತ ಬೆನೆಡಿಕ್ಟರ ಸಭೆಯನ್ನು ಸೇರಿ, ವರ್ದಂ ನಗರದ ಸೇಂಟ್-ವಾನ್ ಮಠದಲ್ಲಿ ತರಬೇತಿ ಪಡೆದರು. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬ ಸುಧಾರಣೆಗೆ ಹೆಸರಾಗಿದ್ದ ಮಠವದು. ಪ್ರಾರ್ಥನೆ, ಅಧ್ಯಯನ, ಕೈಕೆಲಸ, ಮೌನ, ಉಪವಾಸ, ಇವೇ ಅಲ್ಲಿಯ ದಿನಚರಿ.

1668ರಲ್ಲಿ ಅವರನ್ನು ಓವಿಲೆ ಎಂಬ ಹಳ್ಳಿಯ ಮಠಕ್ಕೆ ಕಳುಹಿಸಲಾಯಿತು. ಮಾರ್ನ್ ನದಿಯ ಕಣಿವೆಯ ಮೇಲಿರುವ ಈ ಮಠವನ್ನು 7ನೇ ಶತಮಾನದಲ್ಲಿ ರೀಮ್ಸ್ ನಗರದ ಧರ್ಮಾಧ್ಯಕ್ಷರಾದ ಸಂತ ನಿವಾರ್ಡ್ ಸ್ಥಾಪಿಸಿದ್ದರು. ಪವಿತ್ರ ಶಿಲುಬೆಯನ್ನು ಕಂಡುಹಿಡಿದರೆಂದು ನಾವು ಗೌರವಿಸುವ ಸಂತ ಹೆಲೆನಾರವರ ಪವಿತ್ರ ಅವಶೇಷಗಳು ಆಗ ಈ ಮಠದಲ್ಲಿದ್ದುದರಿಂದ ಯಾತ್ರಿಕರು ಬರುತ್ತಿದ್ದರು. ಆದರೆ ಯುದ್ಧಗಳ ಹೊಡೆತದಿಂದ ಮಠ ಸೊರಗಿತ್ತು. ಮೂವತ್ತು ತುಂಬದ ಪೆರಿನ್ಯೋನ್ ಅವರ ಹೆಗಲಿಗೆ ಉಗ್ರಾಣದ ಹೊಣೆ ಬಿತ್ತು. ಮುಂದಿನ 47 ವರ್ಷ, ಸಾಯುವ ತನಕ, ಅವರು ಅದೇ ಹೊಣೆಯಲ್ಲಿದ್ದರು.

ಉಗ್ರಾಣಿ ಎಂದರೆ ಯಾರು?

ಸಂತ ಬೆನೆಡಿಕ್ಟರು ತಮ್ಮ ಮಠನಿಯಮದಲ್ಲಿ ಉಗ್ರಾಣಿಗಾಗಿಯೇ ಒಂದು ಅಧ್ಯಾಯ ಬರೆದಿದ್ದಾರೆ. ಅದು 31ನೆಯದು. ಉಗ್ರಾಣಿ ವಿವೇಕಿಯಾಗಿರಬೇಕು, ಮಿತಾಹಾರಿಯಾಗಿರಬೇಕು, ಅಹಂಕಾರಿಯೂ ದುಂದುಗಾರನೂ ಆಗಿರಬಾರದು, ಇಡೀ ಮಠಕ್ಕೆ ತಂದೆಯಂತಿರಬೇಕು. ರೋಗಿಗಳು, ಮಕ್ಕಳು, ಅತಿಥಿಗಳು, ಬಡವರು ಇವರ ಬಗ್ಗೆ ಆತನಿಗೆ ವಿಶೇಷ ಕಾಳಜಿ ಇರಬೇಕು. ಮಠದ ಪಾತ್ರೆಪಗಡಗಳನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕು. ಕೇಳಿದ್ದನ್ನು ಕೊಡಲು ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಹಣಕಾಸು ನೋಡಿಕೊಳ್ಳುವವರು, ಜಾಗದ ಲೆಕ್ಕ ಇಡುವವರು, ಹಬ್ಬದ ಊಟದ ಉಸ್ತುವಾರಿ ವಹಿಸುವವರು ಈ ಅಧ್ಯಾಯವನ್ನು ಒಮ್ಮೆ ಓದಿದರೆ ಒಳ್ಳೆಯದು.

ಓವಿಲೆ ಮಠಕ್ಕೆ ಮುಖ್ಯ ಆದಾಯ ದ್ರಾಕ್ಷಿ ತೋಟಗಳಿಂದಲೇ ಬರುತ್ತಿತ್ತು. ಸ್ವಂತ ತೋಟಗಳಲ್ಲದೆ ಸುತ್ತಲಿನ ಹಳ್ಳಿಗಳಿಂದ ದಶಮಾಂಶದ ರೂಪದಲ್ಲಿಯೂ ಹಣ್ಣು ಬರುತ್ತಿತ್ತು. ಒಂದು ಬುಟ್ಟಿ ಒಂದು ಗುಡ್ಡದ್ದು, ಇನ್ನೊಂದು ಬುಟ್ಟಿ ಇನ್ನೊಂದು ಗುಡ್ಡದ್ದು. ಶಾಂಪೇನ್ ಪ್ರಾಂತ್ಯ ದ್ರಾಕ್ಷಿ ಬೆಳೆಗೆ ತೀರಾ ಚಳಿಯ ಪ್ರದೇಶ. ಬಿಸಿಲು ಬೀಳುವ ಇಳಿಜಾರಿನ ಹಣ್ಣು ಸಿಹಿಯಾದರೆ, ನೆರಳಿನ ಬದಿಯದು ಹುಳಿ. ಒಂದರಲ್ಲಿ ಪರಿಮಳವಿದ್ದರೆ ಇನ್ನೊಂದರಲ್ಲಿ ಗಟ್ಟಿತನ. ಪೆರಿನ್ಯೋನ್ ಅವರು ಇದನ್ನು ದೋಷವೆಂದು ಭಾವಿಸದೆ ವರವಾಗಿ ಮಾಡಿಕೊಂಡರು. ಬೇರೆ ಬೇರೆ ತೋಟಗಳ ಹಣ್ಣನ್ನು ಗಾಣಕ್ಕೆ ಹಾಕುವ ಮೊದಲೇ ಹದವರಿತು ಬೆರೆಸಿದರು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು.

ಕಿಟಕಿಯ ಮೇಲಿನ ದ್ರಾಕ್ಷಿ

ಅವರು ಹೇಗೆ ತೀರ್ಮಾನಿಸುತ್ತಿದ್ದರು ಎಂಬುದನ್ನು ಅವರ ಶಿಷ್ಯರಾಗಿದ್ದ ಸಹೋದರ ಪಿಯೆರ್ ಎಂಬವರು ಬರೆದಿಟ್ಟಿದ್ದಾರೆ. ಹಣ್ಣು ಮಾಗುವ ಕಾಲದಲ್ಲಿ ಪೆರಿನ್ಯೋನ್ ಹೆಚ್ಚುಕಡಿಮೆ ಪ್ರತಿದಿನ ತೋಟಗಳಿಗೆ ಹೋಗುತ್ತಿದ್ದರು. ಆದರೆ ಅಲ್ಲಿಯೇ ನಿಂತು ರುಚಿ ನೋಡುತ್ತಿರಲಿಲ್ಲ. ಆಯ್ದ ತೋಟಗಳಿಂದ ಹಣ್ಣಿನ ಗೊಂಚಲುಗಳನ್ನು ತರಿಸಿ, ರಾತ್ರಿಯಿಡೀ ತಮ್ಮ ಕಿಟಕಿಯ ಮೇಲೆ ತಂಪು ಗಾಳಿಗೆ ಇಡುತ್ತಿದ್ದರು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೊಂದನ್ನೇ ಬಾಯಿಗೆ ಹಾಕಿ ನೋಡುತ್ತಿದ್ದರು. ಆ ವರ್ಷ ಮಳೆ ಹೆಚ್ಚಾಗಿತ್ತೇ, ಚಳಿ ಬೇಗ ಬಂತೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯಾವುದಕ್ಕೆ ಯಾವುದನ್ನು ಬೆರೆಸಬೇಕೆಂದು ನಿರ್ಧರಿಸುತ್ತಿದ್ದರು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅವರು ರುಚಿ ನೋಡಿದ್ದು ಹಣ್ಣನ್ನು, ಪಾನೀಯವನ್ನಲ್ಲ. ಎರಡನೆಯದು, ಉಪವಾಸದ ನಾಲಿಗೆಯಿಂದ ನೋಡಿದರು. ತುಂಬಿದ ಹೊಟ್ಟೆಗೆ ಸೂಕ್ಷ್ಮ ತಿಳಿಯದು. ಮೂರನೆಯದು, ಆತುರಪಡದೆ ಒಂದು ರಾತ್ರಿ ಕಾದರು. ತೋಟದಲ್ಲಿ ನಿಂತಾಗ ಮಾಲಿಯ ಮಾತು, ಆ ತೋಟದ ಹಳೆಯ ಹೆಸರು, ಬಿಸಿಲಿನ ಸೊಬಗು ಎಲ್ಲವೂ ಮನಸ್ಸನ್ನು ಎಳೆಯುತ್ತವೆ. ಬೆಳಗಿನ ಮೌನದಲ್ಲಿ ಹಣ್ಣು ಮಾತ್ರ ಮಾತನಾಡುತ್ತದೆ.

ಅವರು ಮರಣ ಹೊಂದಿದ ಮೂರು ವರ್ಷಗಳ ಬಳಿಕ, 1718ರಲ್ಲಿ, ಶಾಂಪೇನ್ ಪ್ರಾಂತ್ಯದ ದ್ರಾಕ್ಷಿ ಕೃಷಿಯ ಬಗ್ಗೆ ಒಂದು ಪುಸ್ತಿಕೆ ಪ್ರಕಟವಾಯಿತು. ಅದನ್ನು ಬರೆದವರು ರೀಮ್ಸ್ ಪ್ರಧಾನಾಲಯದ ಗೊದಿನೊ ಎಂಬ ಗುರುಗಳೆಂದು ಹೇಳಲಾಗುತ್ತದೆ. ಅಂದಿನ ಉತ್ತಮ ಪದ್ಧತಿಗಳು ಅದರಲ್ಲಿವೆ. ಬಳ್ಳಿಯನ್ನು ಚೆನ್ನಾಗಿ ಸವರಬೇಕು, ಇಳುವರಿಯ ಆಸೆಗೆ ಬೀಳಬಾರದು. ಬೆಳಗಿನ ತಂಪಿನಲ್ಲಿಯೇ ಕೊಯ್ಲು ಮಾಡಬೇಕು. ಒಡೆದ, ಜಜ್ಜಿದ ಹಣ್ಣನ್ನು ತೆಗೆದು ಹಾಕಬೇಕು. ಹಣ್ಣು ಹೊರಲು ಚುರುಕು ಕುದುರೆಗಿಂತ ಸಾಧು ಕತ್ತೆಯೇ ಮೇಲು, ಏಕೆಂದರೆ ಕುಲುಕಾಟ ಕಡಿಮೆ. ಗಾಣ ತೋಟದ ಹತ್ತಿರವಿರಬೇಕು, ಹಿಂಡುವಾಗ ಅವಸರವಿರಬೇಕು ಆದರೆ ಬಲಪ್ರಯೋಗ ಇರಬಾರದು. ಹೀಗೆ ಮಾಡಿದರೆ ಕಪ್ಪು ದ್ರಾಕ್ಷಿಯಿಂದಲೂ ತಿಳಿಯಾದ ಬಿಳಿ ರಸ ಸಿಗುತ್ತದೆ.

ಫಲಿತಾಂಶ ಬೇಗ ಕಂಡಿತು. ಮಠದ ತೋಟ ವಿಸ್ತಾರವಾಯಿತು. ಓವಿಲೆಯ ದ್ರಾಕ್ಷಾರಸಕ್ಕೆ ಬೇರೆಯವರದಕ್ಕಿಂತ ಹೆಚ್ಚು ಬೆಲೆ ಬಂತು. ಅವರಿಗೂ ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿತ್ತು. 1694ರಲ್ಲಿ ಎಪೆರ್ನೆ ಪಟ್ಟಣಕ್ಕೆ 26 ಬಾಟಲಿ ಕೊಟ್ಟಾಗ, ಇದು ಲೋಕದಲ್ಲೇ ಅತ್ಯುತ್ತಮವಾದದ್ದೆಂದು ಪತ್ರದಲ್ಲಿ ಬರೆಯಲು ಅವರು ಹಿಂಜರಿಯಲಿಲ್ಲ!

ಗುಳ್ಳೆಗಳ ಕಥೆ

ನೊರೆಯುಕ್ಕುವ ಶಾಂಪೇನನ್ನು ಕಂಡುಹಿಡಿದವರು ಡೊಮ್ ಪೆರಿನ್ಯೋನ್ ಎಂದು ಬಹಳ ಜನ ನಂಬಿದ್ದಾರೆ. ಮೊದಲ ಗುಟುಕು ಕುಡಿದು ತಾನು ನಕ್ಷತ್ರಗಳನ್ನೇ ಕುಡಿಯುತ್ತಿದ್ದೇನೆಂದು ಅವರು ಕೂಗಿದರಂತೆ. ಚೆಂದದ ಕಥೆ, ಆದರೆ ಅದು ಹುಟ್ಟಿದ್ದು 19ನೇ ಶತಮಾನದ ಕೊನೆಯ ಒಂದು ಜಾಹೀರಾತಿನಲ್ಲಿ.

ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಹುಳಿಯುವಿಕೆ ಅರ್ಧಕ್ಕೆ ನಿಂತು, ವಸಂತದ ಬಿಸಿಗೆ ಬಾಟಲಿಯೊಳಗೆ ಮತ್ತೆ ಶುರುವಾಗುತ್ತಿತ್ತು. ಅದರಿಂದ ಹುಟ್ಟಿದ ಅನಿಲ ಬಾಟಲಿಯನ್ನೇ ಒಡೆಯುತ್ತಿತ್ತು. ಒಂದು ಒಡೆದರೆ ಪಕ್ಕದ್ದೂ ಒಡೆಯುತ್ತಿತ್ತು. ಉಗ್ರಾಣಿಗೆ ಅದು ನಷ್ಟ, ಕೆಲಸಗಾರನಿಗೆ ಅಪಾಯ. ಪೆರಿನ್ಯೋನ್ ಅವರು ದುಡಿದದ್ದು ಆ ಗುಳ್ಳೆಗಳನ್ನು ತಡೆಯಲು. ದ್ರಾಕ್ಷಾರಸಕ್ಕೆ ಸಕ್ಕರೆ ಸೇರಿಸಿ ನೊರೆ ಬರಿಸುವ ರೂಢಿಯ ಬಗ್ಗೆ ಕ್ರಿಸ್ಟೋಫರ್ ಮೆರೆಟ್ ಎಂಬವರು 1662ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕೊಟ್ಟಿದ್ದರು. ಆಗ ನಮ್ಮ ಉಗ್ರಾಣಿ ಓವಿಲೆಗೆ ಬಂದೇ ಇರಲಿಲ್ಲ.

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಓವಿಲೆ ಮಠ ಮುಚ್ಚಿತು, ಮಠವಾಸಿಗಳು ಚದುರಿಹೋದರು. ಅವರಲ್ಲಿ ಒಬ್ಬರಾದ ಡೊಮ್ ಗ್ರೊಸಾರ್ 1821ರಲ್ಲಿ ಬರೆದ ಪತ್ರವೊಂದರಲ್ಲಿ ಪೆರಿನ್ಯೋನ್ ಅವರೇ ನೊರೆಯ ಗುಟ್ಟು ಕಂಡುಹಿಡಿದವರೆಂದರು. ಮುಪ್ಪಿನಲ್ಲಿ ಅವರ ಕಣ್ಣು ಹೋಗಿತ್ತು, ಆದರೂ ಹಣ್ಣು ಬಾಯಿಗೆ ಹಾಕಿದರೆ ಇಂಥ ತೋಟದ್ದೆಂದು ಹೇಳುತ್ತಿದ್ದರು ಎಂದೂ ಬರೆದರು. ಮನೆ ಕಳೆದುಕೊಂಡ ಮುದುಕ ಗುರುವಿನ ಅಭಿಮಾನ ನಮಗೆ ಅರ್ಥವಾಗುತ್ತದೆ. ಆದರೆ ಅದು ಪೆರಿನ್ಯೋನ್ ತೀರಿಕೊಂಡು ನೂರು ವರ್ಷ ದಾಟಿದ ಮೇಲಿನ ಮಾತು. ಅವರನ್ನು ಕಣ್ಣಾರೆ ಕಂಡಿದ್ದ ಸಹೋದರ ಪಿಯೆರ್ ವಿವರಿಸಿರುವುದು ಕಿಟಕಿ, ಖಾಲಿ ಹೊಟ್ಟೆ ಮತ್ತು ತಾಳ್ಮೆಯನ್ನು. ಮುಂದೆ ವ್ಯಾಪಾರಿಗಳು ಆ ಹೆಸರನ್ನು ಬಳಸಿಕೊಂಡರು. ಡೊಮ್ ಪೆರಿನ್ಯೋನ್ ಹೆಸರಿನ ಶಾಂಪೇನ್ ಮಾರುಕಟ್ಟೆಗೆ ಬಂದದ್ದು 1936ರಲ್ಲಿ, 1921ರ ಬೆಳೆಯಿಂದ ತಯಾರಾದದ್ದು.

ಸಮಾಧಿಯ ಕಲ್ಲು ಏನು ಹೇಳುತ್ತದೆ?

ಓವಿಲೆಯ ದೇವಾಲಯದೊಳಗೆ ಅವರ ಸಮಾಧಿ ಇಂದಿಗೂ ಇದೆ. ಅದರ ಮೇಲಿನ ಲತೀನ್ ಬರಹದಲ್ಲಿ ಶಾಂಪೇನ್ ಇಲ್ಲ, ಗುಳ್ಳೆಗಳಿಲ್ಲ, ದ್ರಾಕ್ಷಿಯೂ ಇಲ್ಲ. 47 ವರ್ಷ ಈ ಮಠದ ಉಗ್ರಾಣಿಯಾಗಿದ್ದು ಮನೆವಾರ್ತೆಯನ್ನು ಮೆಚ್ಚುಗೆಯಿಂದ ನಡೆಸಿದವರು, ಸದ್ಗುಣಿ, ವಿಶೇಷವಾಗಿ ಬಡವರನ್ನು ತಂದೆಯಂತೆ ಪ್ರೀತಿಸಿದವರು ಎಂದಷ್ಟೇ ಸಹೋದರರು ಕೆತ್ತಿಸಿದ್ದಾರೆ. ಅವರು ಬಾಳಿದ ಕಾಲದಲ್ಲಿಯೇ 1693-94ರ ಕ್ಷಾಮ ಫ್ರಾನ್ಸನ್ನು ಕಾಡಿತ್ತು. 1709ರ ಭೀಕರ ಚಳಿಯಲ್ಲಿ ಬಳ್ಳಿಗಳು ಸತ್ತವು, ಜನ ಹಸಿದರು. ಆ ದಿನಗಳಲ್ಲಿ ಮಠದ ಉಗ್ರಾಣದ ಬೀಗದ ಕೈ ಇದ್ದದ್ದು ಇವರ ಬಳಿ. ಬಡವರ ಮೇಲಿನ ಪ್ರೀತಿ ಎಂಬ ಮಾತಿನ ತೂಕ ಅಲ್ಲಿದೆ.

ಪ್ರಿಯ ಓದುಗರೇ, ಮದ್ಯದ ಚಟದಿಂದ ಕಣ್ಣೀರು ಸುರಿಸುವ ಮನೆಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಈ ಲೇಖನ ಕುಡಿತದ ಹೊಗಳಿಕೆಯೆಂದು ಯಾರೂ ತಿಳಿಯಬಾರದು. ಮಾನವ ದುಡಿಮೆಯ ಫಲವಾದ ದ್ರಾಕ್ಷಾರಸ ಬಲಿಪೀಠಕ್ಕೆ ಬರುವಾಗ ಅದು ದ್ರಾಕ್ಷಿಯಿಂದಲೇ ಆದದ್ದು, ಕೆಡದಿರುವುದು ಆಗಿರಬೇಕೆಂದು ಧರ್ಮಸಭೆಯ ಕಾನೂನು ಕೇಳುತ್ತದೆ. ಅದೇ ಶುದ್ಧತೆಯನ್ನು ನಮ್ಮ ತೀರ್ಪುಗಳಿಂದಲೂ ಪ್ರಭು ಕೇಳುತ್ತಾರೆ.

ನಾವು ದಿನವೂ ತೀರ್ಪು ಕೊಡುತ್ತೇವೆ. ವಾಳೆಯ ಗುರಿಕಾರ ಯಾರಾಗಬೇಕು, ಸಹಾಯಧನ ಯಾವ ಮನೆಗೆ ಹೋಗಬೇಕು, ಗಾಯನ ಸ್ಪರ್ಧೆಯಲ್ಲಿ ಬಹುಮಾನ ಯಾವ ಮಗುವಿಗೆ, ಪಾಲನಾ ಮಂಡಳಿಯಲ್ಲಿ ಯಾರ ಮಾತಿಗೆ ಬೆಲೆ. ಆಗ ನಾವು ಹಣ್ಣಿನ ರುಚಿ ನೋಡುತ್ತೇವೆಯೇ ಅಥವಾ ತೋಟದ ಹೆಸರು ಕೇಳುತ್ತೇವೆಯೇ? ಯಾರ ಮಗ, ಯಾವ ಮನೆತನ, ದೇವಾಲಯಕ್ಕೆ ಎಷ್ಟು ಕೊಟ್ಟವರು ಎಂಬ ಪ್ರಶ್ನೆ ಮೊದಲು ಬಂದರೆ ನಮ್ಮ ನಾಲಿಗೆ ಕೆಟ್ಟಿತೆಂದೇ ಅರ್ಥ. ಗುರುಗಳಾದ ನಾವೂ ಈ ಪರೀಕ್ಷೆಯಿಂದ ಹೊರಗಿಲ್ಲ. ಸಮುವೇಲ ಪ್ರವಾದಿಯೇ ಜೆಸ್ಸೆಯ ಹಿರಿಮಗನ ಎತ್ತರ ಕಂಡು ಮೋಸಹೋಗಲಿದ್ದರು. ಹೊಲದಲ್ಲಿ ಕುರಿ ಕಾಯುತ್ತಿದ್ದ ದಾವೀದನನ್ನು ಕರೆತರುವಂತೆ ಮಾಡಿದ್ದು ಹೃದಯವನ್ನು ನೋಡುವ ದೇವರು.

ಆದ್ದರಿಂದ ಮುಂದಿನ ಸಭೆಗೆ ಹೋಗುವ ಮುನ್ನ ಒಂದು ರಾತ್ರಿ ಆ ವಿಷಯವನ್ನು ಪ್ರಾರ್ಥನೆಯಲ್ಲಿ ಇಡೋಣ. ಬೆಳಿಗ್ಗೆ, ಸ್ವಾರ್ಥವಿಲ್ಲದ ಖಾಲಿ ಮನಸ್ಸಿನಿಂದ ನೋಡೋಣ. ಹುಳಿಯನ್ನೂ ಸಿಹಿಯನ್ನೂ ಎಸೆಯದೆ ಹದವಾಗಿ ಕೂಡಿಸೋಣ. ಬಡವರನ್ನು ತಂದೆಯಂತೆ ಪ್ರೀತಿಸಿದ ಓವಿಲೆಯ ಉಗ್ರಾಣಿಗೆ ಪ್ರಭು ನೀಡಿದ ನಿಷ್ಪಕ್ಷಪಾತವಾದ ನಾಲಿಗೆ ನಮಗೂ ದೊರೆಯಲಿ.