ರಾಘವಾಂಕ ಕವಿಯ ಚರಿತ್ರವೂ ಕಾವ್ಯಾಭ್ಯಾಸವೂ

ಸಗರನಾಡಿನ ಶಹಾಪುರ, ಸುರಪುರ, ಯಾದಗಿರಿ ಸೀಮೆಗಳ ಮಠಗಳಲ್ಲಿ ಶ್ರಾವಣಮಾಸವು ಬಂದಿತೆಂದರೆ ಪುರಾಣವನ್ನು ಹಚ್ಚುವುದು ತಲೆತಲಾಂತರದಿಂದ ನಡೆದುಬಂದ ಪದ್ಧತಿಯಾಗಿದೆ. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವಾಗಲಿ, 1584ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದ ಚೆನ್ನಬಸವಪುರಾಣವಾಗಲಿ ಷಟ್ಪದಿಯಲ್ಲಿಯೇ ಇರುವುದರಿಂದ, ಅಕ್ಷರವನ್ನರಿಯದ ಭಕ್ತರ ಕಿವಿಗೂ ಆ ಆರು ಪಾದಗಳ ನಡೆಯು ಪರಿಚಿತವಾಗಿರುವುದು. ಆದರೆ ಈ ಹೆದ್ದಾರಿಯನ್ನು ಮೊಟ್ಟಮೊದಲು ಕಡಿದು ಹಸನುಮಾಡಿದ ಕವಿಯು ಯಾರು, ಅದಕ್ಕಾಗಿ ಆತನು ಪಟ್ಟ ಶ್ರಮವೆಂತಹದು, ಯಾರ ಕೈಯಿಂದ ಎಂತಹ ಶಿಕ್ಷೆಯನ್ನು ಹೊಂದಿ ತನ್ನನ್ನು ತಾನು ತಿದ್ದಿಕೊಂಡನು ಎಂಬುದನ್ನು ಬಲ್ಲವರು ಕಡಿಮೆ. ಆತನೇ ಹಂಪೆಯ ರಾಘವಾಂಕನು.

ರಾಘವಾಂಕನ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕವಿಚರಿತೆಕಾರರು 1165ರ ಸುಮಾರನ್ನು ಹೇಳಿದರು. ಅನಂತರದ ಸಂಶೋಧಕರು 13ನೆಯ ಶತಮಾನದ ಮೊದಲ ಕಾಲುಭಾಗಕ್ಕೆ ತಂದರು. ಕಲ್ಯಾಣದ ಶರಣರ ಕಾಲವು ಮುಗಿದು ಅವರ ಕಥೆಗಳು ಇನ್ನೂ ಬಿಸಿಯಾಗಿ ಜನರ ಬಾಯಲ್ಲಿದ್ದ ದಿನಗಳವು ಎಂದು ತಿಳಿದರೆ ಸಾಕು. ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರುದ್ರಾಣಿಯು ಹರಿಹರದೇವರ ಸಹೋದರಿಯಾದುದರಿಂದ, ರಗಳೆಯ ಕವಿಯೆಂದು ನಾಡೆಲ್ಲ ಕೊಂಡಾಡುವ ಆ ಮಹಾಪುರುಷರು ಈತನಿಗೆ ಸೋದರಮಾವನೂ ಹೌದು, ಗುರುವೂ ಹೌದು.

ಹರಿಹರದೇವರ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಏಕೆಂದರೆ ಮುಂದಿನ ಕಥೆಯ ಬೀಜವು ಅಲ್ಲಿದೆ. ಅವರು ದೋರಸಮುದ್ರದಲ್ಲಿ ಹೊಯ್ಸಳ ನರಸಿಂಹಬಲ್ಲಾಳನ ಕರಣಿಕರಾಗಿದ್ದರೆಂದೂ, ಒಂದು ದಿನ ಓಲಗದಲ್ಲಿ ಕುಳಿತಿದ್ದಂತೆಯೇ ಕೈಗಳನ್ನು ಹೊಸಕಿದರೆಂದೂ, ಕಾರಣವನ್ನು ಕೇಳಲು ಹಂಪೆಯ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಹತ್ತಿದ ಬೆಂಕಿಯನ್ನು ನಂದಿಸಿದುದಾಗಿ ತಿಳಿಸಿದರೆಂದೂ ಐತಿಹ್ಯವಿದೆ. ಆ ಬಳಿಕ ಅರಮನೆಯ ಲೆಕ್ಕವನ್ನು ತೊರೆದು ಹಂಪೆಗೆ ಬಂದು, ಮರ್ತ್ಯರನ್ನು ಸ್ತುತಿಸುವುದಿಲ್ಲವೆಂಬ ವ್ರತವನ್ನು ತಾಳಿ, ವಿರೂಪಾಕ್ಷನನ್ನೂ ಶಿವಶರಣರನ್ನೂ ಬಿಟ್ಟು ಬೇರೊಬ್ಬರನ್ನು ಕೊಂಡಾಡದೆ ಬಾಳಿದರು. ಈ ಸೀಮೆಯ ಕೆಂಭಾವಿಯ ಭೋಗಣ್ಣನವರ ಚರಿತೆಯನ್ನು ರಗಳೆಯಾಗಿಸಿ ನಾಡಿಗೆ ಸಾರಿದವರೂ ಅವರೇ. ಊರವರು ಭೋಗಣ್ಣನವರನ್ನು ಹೊರಗಟ್ಟಲು, ಊರಿನ ಲಿಂಗಗಳೆಲ್ಲ ಅವರ ಬೆನ್ನುಹತ್ತಿ ಹೊರಟವೆಂಬ ಆ ಕಥೆಯನ್ನು ಸುರಪುರ ಸೀಮೆಯ ಭಕ್ತರಿಗೆ ಹೊಸತಾಗಿ ಹೇಳಬೇಕಾದುದಿಲ್ಲ.

ಇಂತಹ ಮಾವನ ಮನೆಯಲ್ಲಿ ರಾಘವಾಂಕನ ವಿದ್ಯಾಭ್ಯಾಸವು ನಡೆಯಿತು. ಕಾವ್ಯಕ್ಕೆ ಕಾರಣವಾದವು ಮೂರೆಂದು ಆಲಂಕಾರಿಕರು ಗಣಿಸಿದ್ದಾರೆ: ಹುಟ್ಟಿನಿಂದ ಬಂದ ಪ್ರತಿಭೆ, ಲೋಕಶಾಸ್ತ್ರಗಳ ಪರಿಚಯದಿಂದ ಬಂದ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಎಡೆಬಿಡದೆ ಮಾಡುವ ಅಭ್ಯಾಸ. ಇವುಗಳಲ್ಲಿ ಮೊದಲನೆಯದು ದೈವಾಧೀನ, ಎರಡನೆಯದು ಕಾಲಾಧೀನ, ಮೂರನೆಯದೊಂದೇ ಪುರುಷಾಧೀನ. ಮಮ್ಮಟಾಚಾರ್ಯನು ಈ ಮೂರನ್ನೂ ಬೇರೆ ಬೇರೆ ಕಾರಣಗಳೆನ್ನದೆ ಕೂಡಿಯೇ ಒಂದು ಕಾರಣವೆಂದುದು ಬಹಳ ಯುಕ್ತವಾಗಿದೆ. ಪ್ರತಿಭೆಯೊಂದಿದ್ದರೆ ಸಾಕೆಂದು ಓಲೆಯ ಮುಂದೆ ಕುಳಿತವರ ಕಾವ್ಯಗಳು ಅವರೊಡನೆಯೇ ಮಣ್ಣಾಗಿರುವುವು.

ಅಭ್ಯಾಸದ ಕ್ರಮವನ್ನು ಎಲ್ಲರಿಗಿಂತ ವಿಶದವಾಗಿ ಹೇಳಿದವನು ಕನ್ಯಾಕುಬ್ಜದ ಪ್ರತೀಹಾರರ ಆಸ್ಥಾನದಲ್ಲಿದ್ದ ರಾಜಶೇಖರನು. ತನ್ನ ಕಾವ್ಯಮೀಮಾಂಸೆಯಲ್ಲಿ ಆತನು ಕವಿಯ ದಿನಚರಿಯನ್ನು ಯಾಮಯಾಮವಾಗಿ ವಿಂಗಡಿಸಿರುವನು. ಬೆಳಗಿನ ಮೊದಲ ಯಾಮದಲ್ಲಿ ವಿದ್ಯೆಗಳ ಅನುಶೀಲನ, ಎರಡನೆಯದರಲ್ಲಿ ಕಾವ್ಯರಚನೆ, ಮಧ್ಯಾಹ್ನದ ಭೋಜನಾನಂತರ ಬಲ್ಲವರೊಡನೆ ಕಾವ್ಯಗೋಷ್ಠಿ, ನಾಲ್ಕನೆಯ ಯಾಮದಲ್ಲಿ ಬೆಳಗ್ಗೆ ರಚಿಸಿದುದರ ಪರೀಕ್ಷೆ. ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ಮುಚ್ಚಿರುತ್ತದೆಯಾದುದರಿಂದ ಆವೇಶವು ಇಳಿದ ಮೇಲೆಯೇ ಪರೀಕ್ಷೆಯು ನಡೆಯಬೇಕೆಂಬುದು ಆತನ ಅಭಿಪ್ರಾಯ. ಆಗ ಹೆಚ್ಚಾದುದನ್ನು ತೆಗೆಯಬೇಕು, ಕೊರೆಯಾದುದನ್ನು ತುಂಬಬೇಕು, ಎಡೆಗೆಟ್ಟುದನ್ನು ಸ್ಥಾನಕ್ಕೆ ತರಬೇಕು, ಮರೆತುದನ್ನು ನೆನೆಯಬೇಕು. ಇದಕ್ಕೂ ಮೊದಲು ವಾಮನನು ಒಂದು ಸೂಕ್ಷ್ಮವನ್ನು ಹೇಳಿದ್ದನು: ಮನಸ್ಸು ಓಲಾಡುತ್ತಿರುವವರೆಗೆ ಪದಗಳನ್ನು ಇಡುವುದೂ ತೆಗೆಯುವುದೂ ನಡೆಯುತ್ತಿರುತ್ತದೆ, ಯಾವ ಪದವನ್ನು ತೆಗೆದು ಬೇರೊಂದನ್ನಿಡಲು ಬಾರದೋ ಅಲ್ಲಿ ಪಾಕವು ಸಿದ್ಧಿಸಿತೆಂದು ತಿಳಿಯಬೇಕು.

ಈ ಶಿಕ್ಷಣವು ಎಷ್ಟು ಕಠಿಣವಾಗಿದ್ದಿರಬೇಕೆಂಬುದನ್ನು ಅರಿಯಲು ಆ ಕಾಲದ ಬರೆವಣಿಗೆಯ ಸಾಧನಗಳನ್ನೂ ನೆನೆಯಬೇಕು. ತಾಳೆಯ ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರವು ಅಳಿಯುವುದಿಲ್ಲ. ತಪ್ಪಿದರೆ ಗೀಟು ಹಾಕಬೇಕು. ಹೆಚ್ಚು ತಪ್ಪಿದರೆ ಓಲೆಯನ್ನೇ ಬಿಸುಡಬೇಕು. ಬಳಪದಿಂದ ಬರೆದು ಒರಸಬಹುದಾದ ಕಡತಗಳಿದ್ದವಾದರೂ ಅವು ಹೆಚ್ಚಾಗಿ ಲೆಕ್ಕಪತ್ರಗಳಿಗೆ ಒದಗುತ್ತಿದ್ದವು. ಆದುದರಿಂದ ಪದ್ಯವು ಓಲೆಗೆ ಏರುವುದಕ್ಕೆ ಮುನ್ನ ನಾಲಗೆಯ ಮೇಲೆಯೇ ಹಲವು ಸಲ ಹುಟ್ಟಿ ಸಾಯಬೇಕಾಗಿದ್ದಿತು. ಓದಿ, ಕೇಳಿ, ತಿದ್ದಿ, ಮತ್ತೆ ಓದಿ, ಕಿವಿಯು ಒಪ್ಪಿದ ಬಳಿಕವೇ ಕಂಟವನ್ನು ಹಿಡಿಯುವುದು.

ರಾಘವಾಂಕನು ಇಲ್ಲಿ ಮಾಡಿದ ಒಂದು ಕಾರ್ಯವು ಆಶ್ಚರ್ಯಕರವಾದುದು. ಮಾವನ ರಗಳೆಯು ಸಿದ್ಧವಾಗಿ ಮನೆಯಲ್ಲಿಯೇ ಇದ್ದಿತು. ಹೊಳೆಯಂತೆ ಹರಿಯುವ ಆ ಛಂದಸ್ಸಿನಲ್ಲಿ ಬರೆದಿದ್ದರೆ ಶ್ರಮವೂ ಕಡಿಮೆ, ಗುರುವಿನ ಮೆಚ್ಚುಗೆಯೂ ಸುಲಭ. ವಿನಯಶೀಲನಾದ ಶಿಷ್ಯನು ಅದೊಂದರಲ್ಲಿ ಗುರುವನ್ನು ಅನುಸರಿಸಲಿಲ್ಲ. ಷಟ್ಪದಿಯೆಂಬ ಹೆಸರು ಆತನಿಗಿಂತ ಮೊದಲೂ ಇದ್ದಿತು, ಶಾಸ್ತ್ರಕಾರರು ಅದರ ಲಕ್ಷಣವನ್ನು ಹೇಳಿಯೂ ಇದ್ದರು. ಆದರೆ ಅದನ್ನು ಮಾತ್ರಾಗಣಗಳ ಮೇಲೆ ನಿಲ್ಲಿಸಿ ಒಂದು ಮಹಾಕಾವ್ಯದ ಭಾರವನ್ನು ಹೊರುವಂತೆ ಪಳಗಿಸಿದವನು ರಾಘವಾಂಕನೇ. ವಾರ್ಧಕಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಐದೈದು ಮಾತ್ರೆಯ ನಾಲ್ಕು ಗಣಗಳಂತೆ 20 ಮಾತ್ರೆಗಳು, ಮೂರನೆಯ ಮತ್ತು ಆರನೆಯ ಪಾದಗಳಿಗೆ ಅಂತಹ ಆರು ಗಣಗಳೂ ಕೊನೆಗೊಂದು ಗುರುವೂ ಕೂಡಿ 32 ಮಾತ್ರೆಗಳು, ಒಟ್ಟು 144. ಆರು ಪಾದಗಳಲ್ಲಿಯೂ ಎರಡನೆಯ ಅಕ್ಷರವು ಒಂದೇ ಆಗಿರಬೇಕು. ಈ ಅಳತೆಯೊಳಗೆ ಒಂದು ಮಾತ್ರೆಯು ಹೆಚ್ಚಿದರೂ ನಡೆಯು ಕುಂಟುತ್ತದೆ, ಕಡಿಮೆಯಾದರೂ ಕುಂಟುತ್ತದೆ. ಕೆಲಸಕ್ಕೆ ಬಾರದ ಪದವನ್ನು ಪ್ರಾಸಕ್ಕಾಗಿ ತುರುಕುವ ಆಸೆಯು ಹೆಜ್ಜೆಹೆಜ್ಜೆಗೂ ಬರುವುದು. ಆ ಆಸೆಯನ್ನು ಗೆಲ್ಲುವುದಕ್ಕೆ ನಿತ್ಯಾಭ್ಯಾಸವಲ್ಲದೆ ಬೇರೆ ಮದ್ದಿಲ್ಲ. ಚಾಟುಪದ್ಯಗಳನ್ನು ಕಟ್ಟಿ ತೃಪ್ತರಾಗುವವರು ಇದನ್ನು ಮನಗಾಣಬೇಕು.

ಹೀಗೆ ಪಳಗಿದ ಕೈಯಿಂದ ಹರಿಶ್ಚಂದ್ರಕಾವ್ಯವು ಹುಟ್ಟಿತು. ವಸಿಷ್ಠ ವಿಶ್ವಾಮಿತ್ರರ ಪಂತ, ಅನಾಮಿಕಸತಿಯರ ವಾದ, ರಾಜ್ಯತ್ಯಾಗ, ಕಾಶಿಯ ಬೀದಿಯಲ್ಲಿ ಹೆಂಡತಿಮಕ್ಕಳ ಮಾರಾಟ, ವೀರಬಾಹುವಿನ ಆಳಾಗಿ ಸುಡುಗಾಡನ್ನು ಕಾಯುವ ಅರಸನು ಮಗನ ಹೆಣವನ್ನು ತಂದ ಚಂದ್ರಮತಿಯನ್ನು ತೆರಿಗೆಗಾಗಿ ತಡೆಯುವ ಪ್ರಸಂಗ, ಇವು ಕನ್ನಡಿಗರಲ್ಲಿ ಯಾರಿಗೂ ತಿಳಿಯದವಲ್ಲ. ಒಂದೇ ಷಟ್ಪದಿಯಲ್ಲಿ ಇಬ್ಬರು ಮೂವರ ಪ್ರಶ್ನೋತ್ತರಗಳನ್ನು, ಇವನು ಹೇಳಿದನು ಅವನು ಹೇಳಿದನು ಎಂಬ ತೊಡಕಿಲ್ಲದೆ ಕೂಡಿಸುವ ಚಾತುರ್ಯವು ಆತನಿಗಿಂತ ಮೊದಲು ಕನ್ನಡದಲ್ಲಿ ಇಷ್ಟರ ಮಟ್ಟಿಗೆ ಕಾಣದು. ಕವಿಗೂ ತನ್ನ ಸಾಮರ್ಥ್ಯದ ಅರಿವಿದ್ದಿತು. ಉಭಯಕವಿಕಮಲರವಿಯೆಂದೂ ಕವಿಶರಭಭೇರುಂಡನೆಂದೂ ಬಿರುದುಗಳನ್ನು ಧರಿಸಿದವನಲ್ಲಿ ಸಂಕೋಚವನ್ನು ಹುಡುಕುವುದು ವ್ಯರ್ಥ.

ಆತನ ಜೀವಿತದ ದೊಡ್ಡ ಪೆಟ್ಟು ಈ ಕಾವ್ಯದಿಂದಲೇ ಒದಗಿತು. ಬಹುಕಾಲಾನಂತರ ರಚಿತವಾದ ರಾಘವಾಂಕಚರಿತ್ರವು ಹೇಳುವಂತೆ, ಕವಿಯು ಈ ಕಾವ್ಯವನ್ನು ಹಂಪೆಯ ಅರಸನಾದ ದೇವರಾಜನ ಸಭೆಯಲ್ಲಿ ಓದಿ, ವಿದ್ವಾಂಸರ ಶ್ಲಾಘನೆಯನ್ನೂ ರಾಜಸತ್ಕಾರವನ್ನೂ ಪಡೆದು, ಹಿಗ್ಗಿನಿಂದ ಮಾವನ ಬಳಿಗೆ ಬಂದನು. ಹರಿಹರದೇವರು ಪ್ರಸನ್ನರಾಗಲಿಲ್ಲ. ಶಿವನನ್ನೂ ಶಿವಶರಣರನ್ನೂ ಹೊಗಳಬೇಕಾದ ನಾಲಗೆಯಿಂದ ಸೂರ್ಯವಂಶದ ಒಬ್ಬ ಅರಸನನ್ನು ಹೊಗಳಿದೆಯಲ್ಲಾ ಎಂದು ಕೋಪಗೊಂಡು ಪಾದುಕೆಯಿಂದ ಪ್ರಹರಿಸಲು, ರಾಘವಾಂಕನ ಐದು ಹಲ್ಲುಗಳು ಉದುರಿದವು.

ಈ ಕಥೆಯನ್ನು ಇತಿಹಾಸವೆಂದು ಹಿಡಿಯಬೇಕೆಂಬ ನಿರ್ಬಂಧವಿಲ್ಲ. ಕಥೆಯನ್ನು ಕಟ್ಟಿದವರು ಮಾತ್ರ ಸಾಮಾನ್ಯರಲ್ಲ. ವ್ಯಾಕರಣವನ್ನು ಓದಿದವರಿಗೆ ತಿಳಿದಂತೆ ತವರ್ಗವು ದಂತ್ಯ. ಅದರ ಅಕ್ಷರಗಳು ಐದು. ಉದುರಿದ ಹಲ್ಲುಗಳೂ ಐದೇ. ತನ್ನ ಕಾವ್ಯವನ್ನು ತಾನೇ ಸಭೆಯಲ್ಲಿ ಓದಿ ಮೆಚ್ಚಿಸುವ ಕವಿಗೆ ದಂತ್ಯಾಕ್ಷರಗಳು ನುಡಿಯದೆ ಹೋದರೆ ಅದಕ್ಕಿಂತ ಮಿಗಿಲಾದ ಶಿಕ್ಷೆಯು ಯಾವುದು? ತಪ್ಪನ್ನು ಎಲ್ಲಿ ಮಾಡಿದನೋ ಅಲ್ಲಿಯೇ ಪೆಟ್ಟು ಬಿದ್ದಿತು.

ಗುರುವಿನ ಕೋಪವು ನ್ಯಾಯವಾದುದೇ ಎಂಬ ಪ್ರಶ್ನೆಯನ್ನು ಭಕ್ತಿಯ ಹೆಸರಿನಲ್ಲಿ ಮುಚ್ಚಿಡಲಾಗದು. ರಾಘವಾಂಕನು ಹರನನ್ನೂ ಸತ್ಯವನ್ನೂ ಒಂದೇ ಎಂದು ಬಗೆದು ಆ ಕಾವ್ಯವನ್ನು ಬರೆದನು. ಸತ್ಯಕ್ಕಾಗಿ ಎಲ್ಲವನ್ನೂ ನೀಗಿದವನ ಕಥೆಯು ಶಿವನ ಕಥೆಯಲ್ಲವೆನ್ನುವುದು ಕಷ್ಟ. ಆತನ ಕೃತಿಗಳಲ್ಲಿ ಹರಿಶ್ಚಂದ್ರಕಾವ್ಯವೇ ಶ್ರೇಷ್ಠವೆಂಬುದನ್ನು ಮಠದ ವಿದ್ವಾಂಸರೂ ಒಪ್ಪಬೇಕು, ಒಪ್ಪಿಯೂ ಇರುವರು. ಹರಿಹರದೇವರ ಕಡೆಯಿಂದಲೂ ನೋಡಬೇಕಲ್ಲವೆ? ರಾಜದ್ವಾರವನ್ನು ಒದ್ದು ಬಂದವರ ಅಳಿಯನು ಕಾವ್ಯವನ್ನು ಮುಗಿಸಿದೊಡನೆ ರಾಜದ್ವಾರಕ್ಕೆ ಹೋದನು, ಗುರುವಿನ ಮನೆಗೆ ಆಮೇಲೆ ಬಂದನು. ಅರಸನ ಮೆಚ್ಚುಗೆಯು ಮೊದಲು ದೊರೆತುದರಿಂದ ಬಲ್ಲವರ ಪರೀಕ್ಷೆಗೆ ಎಡೆಯೇ ಉಳಿಯಲಿಲ್ಲ. ಅವರನ್ನು ನೋಯಿಸಿದುದು ಹರಿಶ್ಚಂದ್ರನಿಗಿಂತಲೂ ಈ ಕ್ರಮಭಂಗವೇ ಆಗಿರಬೇಕು.

ಪೆಟ್ಟನ್ನು ತಿಂದ ಶಿಷ್ಯನು ಏನು ಮಾಡಿದನೆಂಬುದರಲ್ಲಿ ಆತನ ಹಿರಿಮೆಯಿದೆ. ಗುರುವನ್ನು ತೊರೆಯಲಿಲ್ಲ, ಹರಿಶ್ಚಂದ್ರಕಾವ್ಯದ ಓಲೆಗಳನ್ನು ಸುಡಲೂ ಇಲ್ಲ, ಛಂದಸ್ಸನ್ನು ಬಿಟ್ಟು ಮಾವನ ರಗಳೆಗೆ ಶರಣಾಗಲೂ ಇಲ್ಲ. ಮತ್ತೆ ಬರೆಯಲು ಕುಳಿತನು. ಸೋಮನಾಥಚರಿತೆ, ಸಿದ್ಧರಾಮಚರಿತೆ, ವೀರೇಶಚರಿತೆ, ಶರಭಚರಿತ್ರೆ, ಹರಿಹರಮಹತ್ತ್ವ ಎಂಬ ಐದು ಶಿವಪರವಾದ ಕೃತಿಗಳನ್ನು ಒಂದಾದ ಮೇಲೊಂದರಂತೆ ರಚಿಸಲು, ಒಂದೊಂದಕ್ಕೆ ಒಂದೊಂದು ಹಲ್ಲು ಮರಳಿ ಬಂದಿತೆಂದು ಚರಿತ್ರವು ಹೇಳುತ್ತದೆ. ಕಡೆಯ ಕೃತಿಗೆ ಹೊಡೆದ ಗುರುವಿನ ಹೆಸರೇ ಇರುವುದು ಗಮನಾರ್ಹವಾಗಿದೆ.

ಈ ಕೃತಿಗಳಲ್ಲಿ ಸಿದ್ಧರಾಮಚರಿತೆಯನ್ನು ಹರಿಶ್ಚಂದ್ರಕಾವ್ಯದ ಪಕ್ಕದಲ್ಲಿಟ್ಟು ಓದಿದವರಿಗೆ ಕವಿಯು ತನ್ನನ್ನು ತಿದ್ದಿಕೊಂಡ ಬಗೆಯು ಗೋಚರವಾಗುವುದು. ಸೊನ್ನಲಿಗೆಯ ಬಾಲಕ ಸಿದ್ಧರಾಮನು ಹೊಲವನ್ನು ಕಾಯುತ್ತಿರುವಾಗ ಮಲ್ಲಯ್ಯನು ಜಂಗಮರೂಪದಿಂದ ಬಂದು ಎಳೆಯ ತೆನೆಯನ್ನು ಬೇಡಿ ತಿಂದು, ಒಡಲುರಿಯೆಂದು ನಟಿಸಿ ತಂಪಾದುದನ್ನು ತರಹೇಳುತ್ತಾನೆ. ಮಗುವು ಮನೆಗೋಡಿ ಮರಳುವಷ್ಟರಲ್ಲಿ ಆತನಿಲ್ಲ. ಹೆಸರನ್ನು ಕೂಗುತ್ತ ಅಳುತ್ತ ಅಲೆದು, ಯಾತ್ರಿಕರೊಡನೆ ಶ್ರೀಶೈಲಕ್ಕೆ ಹೋಗಿ, ಅಲ್ಲಿಯೂ ಕಾಣದೆ ಕೊಳ್ಳಕ್ಕೆ ಹಾರಲು ಹೊರಟ ಆ ಬಾಲಕನ ಕಥೆಯಲ್ಲಿ ವಾದವಿಲ್ಲ, ಪಂತವಿಲ್ಲ, ಸಭೆಯನ್ನು ಬೆರಗುಗೊಳಿಸುವ ಉಕ್ತಿಯ ಮಿಂಚೂ ಕಡಿಮೆ. ಸಭೆಗಾಗಿ ಬರೆದ ಕೈಯು ಇಲ್ಲಿ ಮಗುವಿನ ಅಳುವಿಗೆ ತಗ್ಗಿ ನಡೆದಿದೆ. ಪಳಗಿದವನು ತನಗೆ ಸುಲಭವಾಗಿ ಒದಗುವುದನ್ನು ತಡೆದಿಡುವುದು, ಬಾರದುದನ್ನು ಸಾಧಿಸುವುದಕ್ಕಿಂತಲೂ ಕಷ್ಟವಾದುದು.

ಸೋಮನಾಥಚರಿತೆಯು ಸೌರಾಷ್ಟ್ರದಿಂದ ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನವರ ಕಥೆ. ವೀರೇಶಚರಿತೆಯಲ್ಲಿ ದಕ್ಷಯಜ್ಞದ ಧ್ವಂಸಕ್ಕೆ ತಕ್ಕಂತೆ ಉದ್ದಂಡಷಟ್ಪದಿಯೆಂಬ ಬೇರೊಂದು ನಡೆಯನ್ನು ಪ್ರಯೋಗಿಸಿ ನೋಡಿದ್ದಾನೆ. ಶರಭಚರಿತ್ರೆಯೂ ಹರಿಹರಮಹತ್ತ್ವವೂ ದೊರೆತಿಲ್ಲ. ಯಾವುದೋ ಮನೆಯ ಅಟ್ಟದ ಮೇಲೆ ಹೊಗೆಗೂ ಗೆದ್ದಲಿಗೂ ಈಡಾಗಿ ಹೋದ ಕಟ್ಟುಗಳೆಷ್ಟೋ! ಮಠಗಳಲ್ಲಿ ಇನ್ನೂ ಉಳಿದಿರುವ ಓಲೆಗಳ ಗಂಟುಗಳನ್ನು ಬಿಚ್ಚಿ, ಎಣ್ಣೆ ಸವರಿ, ಪಟ್ಟಿಯನ್ನು ಮಾಡಿಡುವುದು ಭಕ್ತರ ಕರ್ತವ್ಯವಾಗಿದೆ.

ಉತ್ತರವಯಸ್ಸಿನಲ್ಲಿ ರಾಘವಾಂಕನು ಓರಂಗಲ್ಲಿನ ಆಸ್ಥಾನಕ್ಕೆ ಹೋಗಿ ಅಲ್ಲಿನ ಪಂಡಿತರನ್ನು ವಾದದಲ್ಲಿ ಗೆದ್ದನೆಂದೂ, ಕಡೆಗೆ ವೇಲಾಪುರವೆನಿಸಿದ ಬೇಲೂರಿನಲ್ಲಿ ಶಿವೈಕ್ಯನಾದನೆಂದೂ ಪ್ರತೀತಿಯಿದೆ. ಅರಸರ ಸಭೆಗೆ ಹೋದುದಕ್ಕಾಗಿ ಹಲ್ಲನ್ನು ಕಳೆದುಕೊಂಡವನು ಮತ್ತೆ ಸಭೆಗೆ ಹೋದುದು ಕೆಲವರಿಗೆ ವಿಸ್ಮಯವನ್ನುಂಟುಮಾಡಬಹುದು. ಈ ಸಲ ಗುರುವಿನ ಒಪ್ಪಿಗೆಯನ್ನು ಪಡೆದ ಕಾವ್ಯಗಳು ಆತನ ಬೆನ್ನಿಗಿದ್ದವು.

ಆತನು ಪಳಗಿಸಿದ ವಾರ್ಧಕವು ಮುಂದೆ ಅನೇಕರ ಕೈಸೇರಿತು. ಅವರಲ್ಲಿ ಜೈಮಿನಿಭಾರತದ ಲಕ್ಷ್ಮೀಶನು ಅದನ್ನು ನಾದದ ಪರಾಕಾಷ್ಠೆಗೆ ಒಯ್ದನು. ಲಕ್ಷ್ಮೀಶನ ಊರು ಕಡೂರು ಸೀಮೆಯ ದೇವನೂರೆಂದು ಬಹುಜನ ವಿದ್ವಾಂಸರು ಹೇಳುವರು. ಸುರಪುರದ ಬಳಿಯ ದೇವಾಪುರವೇ ಎಂದು ಈ ನಾಡಿನವರು ವಾದಿಸುವರು. ವಾದವು ಇನ್ನೂ ತೀರಿಲ್ಲ. ಆತನ ಪದ್ಯಗಳನ್ನು ರಾಗವಾಗಿ ಓದುವ ಸಗರನಾಡಿನ ಹಿರಿಯರು ಹಿಡಿಯುವ ತಾಳವು ಮಾತ್ರ ಹಂಪೆಯ ರಾಘವಾಂಕನು ಹಾಕಿಕೊಟ್ಟ ಐದೈದು ಮಾತ್ರೆಗಳ ತಾಳವೇ ಆಗಿದೆ.