ಐದು ಮಕ್ಕಳೊಂದಿಗೆ ಧರ್ಮಸಭೆಯನ್ನು ಅರಸಿದ ತಾಯಿ

ಜನವರಿ 4 ಸಂತ ಎಲಿಜಬೆತ್ ಆನ್ ಸೀಟನ್‌ರ ಹಬ್ಬ. ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಹುಟ್ಟಿದವರ ಪೈಕಿ ಮೊದಲು ಸಂತ ಪದವಿಗೇರಿದವರು ಇವರೇ. 1975ರಲ್ಲಿ ಪೋಪ್ ಆರನೇ ಪೌಲರು ಅದನ್ನು ಘೋಷಿಸಿದರು. ಶಾಲೆ ನಡೆಸಿದ, ಕನ್ಯಾಸ್ತ್ರೀಯರ ಸಂಸ್ಥೆ ಕಟ್ಟಿದ ಮಹಿಳೆಯೆಂದು ನಾವು ಅವರನ್ನು ನೆನೆಯುತ್ತೇವೆ. ಆದರೆ ಅದಕ್ಕೂ ಮೊದಲು, ಮಕ್ಕಳನ್ನು ಯಾವ ಸಭೆಗೆ ಕರೆದೊಯ್ಯಲಿ ಎಂದು ತಿಂಗಳುಗಟ್ಟಲೆ ತೊಳಲಾಡಿದ ವಿಧವೆ ಅವರು.

1774ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಎಲಿಜಬೆತ್ ಎಪಿಸ್ಕೋಪಲ್ ಸಭೆಯ ನಿಷ್ಠಾವಂತ ಸದಸ್ಯೆ. ಪತಿ ವಿಲಿಯಂ ಸೀಟನ್ ವ್ಯಾಪಾರಿ. ವ್ಯಾಪಾರ ಮುಳುಗಿತು, ಕ್ಷಯರೋಗ ಹಿಡಿಯಿತು. 1803ರಲ್ಲಿ ಹವಾ ಬದಲಾವಣೆಗೆಂದು ಹಿರಿಯ ಮಗಳೊಂದಿಗೆ ಇಟಲಿಗೆ ಹೋದರೆ, ನ್ಯೂಯಾರ್ಕ್‌ನಲ್ಲಿ ಹಳದಿ ಜ್ವರವಿದ್ದ ಕಾರಣ ಲಿವೊರ್ನೊ ಬಂದರಿನಲ್ಲಿ ಸುಮಾರು ಒಂದು ತಿಂಗಳು ಚಳಿಯ ಕಟ್ಟಡದಲ್ಲಿ ಕೂಡಿಹಾಕಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಡಿಸೆಂಬರ್ 27ರಂದು, ವಿಲಿಯಂ ಪೀಸಾದಲ್ಲಿ ತೀರಿಕೊಂಡರು.

ಆಸರೆ ನೀಡಿದ್ದು ಪತಿಯ ಕಥೋಲಿಕ ವ್ಯಾಪಾರಿ ಮಿತ್ರರಾದ ಫಿಲಿಕಿ ಕುಟುಂಬ. ಮೊಂಟೆನೆರೊ ಪುಣ್ಯಕ್ಷೇತ್ರದಲ್ಲಿ ಬಲಿಪೂಜೆಯ ನಡುವೆ ಪರಮಪ್ರಸಾದವನ್ನು ಎತ್ತಿ ತೋರಿಸಿದಾಗ, ಪಕ್ಕದಲ್ಲಿದ್ದ ಇಂಗ್ಲಿಷ್ ಪ್ರವಾಸಿಯೊಬ್ಬ ಕಿವಿಯಲ್ಲಿ ಹಾಸ್ಯಮಾಡಿದ. ಎಲಿಜಬೆತ್‌ಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಪ್ರಭು ಅಲ್ಲಿ ನಿಜವಾಗಿ ಇದ್ದಾರೆಯೇ ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಬಿಡಲಿಲ್ಲ.

1804ರ ಜೂನ್‌ನಲ್ಲಿ ಊರಿಗೆ ಮರಳಿದರು. ಮನೆಯಲ್ಲಿ ಹತ್ತು ವರ್ಷದೊಳಗಿನ ಐದು ಮಕ್ಕಳು, ಕೈಯಲ್ಲಿ ಹಣವಿಲ್ಲ. ಅವರು ಬಹಳ ಗೌರವಿಸುತ್ತಿದ್ದ ಪಾದ್ರಿ ಹೆನ್ರಿ ಹೋಬರ್ಟ್ ಒಂದು ಕಡೆ, ಆಂತೋನಿಯೊ ಫಿಲಿಕಿ ಮತ್ತೊಂದು ಕಡೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಪುಸ್ತಕ, ಪತ್ರ ಕೊಟ್ಟು ವಾದಿಸಿದರು. ಎಲಿಜಬೆತ್ ಎಪಿಸ್ಕೋಪಲ್ ದೇವಾಲಯದಲ್ಲಿ ಕುಳಿತು, ಪಕ್ಕದ ಬೀದಿಯ ಕಥೋಲಿಕ ಚರ್ಚಿನಲ್ಲಿದ್ದ ಪರಮಪ್ರಸಾದದೊಂದಿಗೆ ಮನಸ್ಸಿನಲ್ಲೇ ಮಾತಾಡುತ್ತಿದ್ದರು. ಒಂದು ಹಂತದಲ್ಲಿ ಬೇಸತ್ತು, ಯಾವ ಚರ್ಚೂ ಬೇಡವೆಂದು ನಿರ್ಧರಿಸಿದ್ದೂ ಉಂಟು. ಅದರಲ್ಲೂ ನೆಮ್ಮದಿ ಸಿಗಲಿಲ್ಲ. ತಪ್ಪು ದಾರಿ ಹಿಡಿದರೆ ಮಕ್ಕಳ ಆತ್ಮಗಳಿಗೂ ತಾನೇ ಹೊಣೆ ಎಂಬ ಭಯ ಬೇರೆ.

1805ರ ಮಾರ್ಚ್ 14ರಂದು ಬಾರ್ಕ್ಲೆ ಬೀದಿಯ ಸಂತ ಪೇತ್ರರ ದೇವಾಲಯದಲ್ಲಿ ಅವರು ಕಥೋಲಿಕರಾದರು. ನಗರದ ಏಕೈಕ ಕಥೋಲಿಕ ಚರ್ಚ್ ಅದು. ಹೆಚ್ಚಾಗಿ ಬಡ ಐರಿಷ್ ವಲಸಿಗರ ಚರ್ಚ್. ಸೀಟನ್ ಮನೆತನದ ಅಂತಸ್ತಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ! ಬಂಧುಗಳು ದೂರವಾದರು. ಜೀವನೋಪಾಯಕ್ಕೆ ಕೈಜೋಡಿಸಿದ್ದ ಶಾಲೆ, ಮಕ್ಕಳನ್ನು ಮತಾಂತರಿಸುತ್ತಾರೆಂಬ ಗುಲ್ಲಿಗೆ ಬಲಿಯಾಗಿ ಮುಚ್ಚಿತು. ನಾದಿನಿ ಸೆಸಿಲಿಯಾ 1806ರಲ್ಲಿ ಅದೇ ಹಾದಿ ಹಿಡಿದಾಗ ಮನೆಯವರ ಸಿಟ್ಟು ನೆತ್ತಿಗೇರಿತು.

1808ರಲ್ಲಿ ಬಾಲ್ಟಿಮೋರ್, ಮರುವರ್ಷ ಎಮಿಟ್ಸ್‌ಬರ್ಗ್. ಅಲ್ಲಿ ಸ್ಥಾಪಿಸಿದ್ದೇ ಸಿಸ್ಟರ್ಸ್ ಆಫ್ ಚಾರಿಟಿ. (ನಮ್ಮ ಮಂಗಳೂರಿನಲ್ಲಿ ಅದೇ ಹೆಸರಿನ ಸಂಸ್ಥೆ ಬೇರೆ, ಅದರ ಮೂಲ ಇಟಲಿ.) ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯೇ ಮಣ್ಣುಮಾಡಬೇಕಾಯಿತು. ಗಂಡುಮಕ್ಕಳ ಚಿಂತೆ ಕೊನೆಯವರೆಗೂ ಕಾಡಿತು. 1821ರ ಜನವರಿ 4ರಂದು, 46ರ ಪ್ರಾಯದಲ್ಲಿ ನಿಧನರಾದಾಗ ಮಗಳು ಕ್ಯಾಥರಿನ್ ಬಳಿಯಲ್ಲಿದ್ದರು. ಮುಂದೆ ಅವರೂ ಕನ್ಯಾಸ್ತ್ರೀಯಾದರು.

ತವರು ಕುಟುಂಬದ ಜೇಮ್ಸ್ ರೂಸ್‌ವೆಲ್ಟ್ ಬೇಯ್ಲಿ ಎಪಿಸ್ಕೋಪಲ್ ಪಾದ್ರಿಯಾಗಿದ್ದವರು, 1842ರಲ್ಲಿ ಕಥೋಲಿಕರಾಗಿ ಮುಂದೆ ಬಾಲ್ಟಿಮೋರಿನ ಆರ್ಚ್‌ಬಿಷಪ್ ಆದರು. ಅವರ ಇಚ್ಛೆಯಂತೆ ಅವರನ್ನು ಎಮಿಟ್ಸ್‌ಬರ್ಗ್‌ನಲ್ಲಿ ಅತ್ತೆಯ ಪಕ್ಕದಲ್ಲೇ ಸಮಾಧಿ ಮಾಡಲಾಯಿತು.