ಡಾ. ಲೆಸ್ಲಿ ಕೋಲ್ಮನ್

ಮಲೆನಾಡಿನ ಅಡಕೆ ಬೆಳೆಗಾರರಿಗೆ ಮಳೆಗಾಲವು ಆತಂಕದ ಕಾಲವಾಗಿತ್ತು. ಕೊಳೆರೋಗ ತಗುಲಿದ ಗೊನೆಗಳಿಂದ ಎಳೆಗಾಯಿಗಳು ಕೊಳೆತು ಉದುರಿ, ವರ್ಷದ ದುಡಿಮೆಯೇ ಮಣ್ಣುಪಾಲಾಗುತ್ತಿತ್ತು. ಈ ರೋಗದ ಮೂಲವನ್ನು ಅರಸಿದವರು ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದ ಇವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿಯೇ ಕೊಳೆರೋಗಕ್ಕೆ ಕಾರಣವೆಂದು 1910ರಲ್ಲಿ ವಿವರಿಸಿದರು. ಶಿಲೀಂಧ್ರವನ್ನು ಹೋಲುವ ಈ ಜೀವಿಯ ಸಂತಾನೋತ್ಪತ್ತಿ ಎರಡು ಬಗೆಯದು. ಮಳೆಯಲ್ಲಿ ಅದು ನಿರ್ಲಿಂಗ ರೀತಿಯಿಂದ ಅಸಂಖ್ಯ ಬೀಜಾಣುಗಳನ್ನು ಪಡೆದು ಬೇಗನೆ ಹರಡುತ್ತದೆ. ಲೈಂಗಿಕ ಕೂಡಿಕೆಯಿಂದ ಹುಟ್ಟುವ ದಪ್ಪಗೋಡೆಯ ಬೀಜಾಣುಗಳಾದರೋ ಪ್ರತಿಕೂಲ ಕಾಲವನ್ನು ಸಹಿಸಬಲ್ಲವು. ಅವುಗಳಲ್ಲಿ ಆನುವಂಶಿಕ ಗುಣಗಳು ಬೆರೆತು, ಹೆಚ್ಚು ಉಗ್ರವಾದ ಪೀಳಿಗೆಯೂ ಹುಟ್ಟಬಹುದೆಂದು ಇಂದಿನ ವಿಜ್ಞಾನ ತಿಳಿಸುತ್ತದೆ.

ಕೊಳೆತ ಕಾಯಿಯನ್ನು ಉಳಿಸುವ ಮದ್ದಿಲ್ಲ; ಬೀಜಾಣು ಮೊಳೆಯದಂತೆ ತಡೆಯುವುದೊಂದೇ ದಾರಿ. ಆದುದರಿಂದ ಕೋಲ್ಮನ್ನರು ಮೈಲುತುತ್ತು ಮತ್ತು ಸುಣ್ಣದಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಮುಂಚಿತವಾಗಿ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಅದು ಬಡ ರೈತನ ಕೈಗೂ ಎಟುಕುವಂತಹುದಾಗಿತ್ತು. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾಗಿ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಸ್ಥಾಪನೆಗೂ ಕಾರಣರಾದರು.

1954ರಲ್ಲಿ ಅವರು ನಿಧನರಾದರು. ಮಲೆನಾಡಿನ ತೋಟಗಳಲ್ಲಿ ಮಳೆ ಬಲಿಯುವ ಮುನ್ನ ಗೊನೆಗಳಿಗೆ ಆ ನೀಲಿ ದ್ರಾವಣವನ್ನು ಹೊಡೆಯುವ ರೂಢಿ ಇಂದಿಗೂ ಉಳಿದಿದೆ.